ಕುತ್ತಿಗೆಯ ಮೇಲಿನ ನೇರಳೆ ಗೆರೆಗಳು

ಕರ್ನಾಟಕ ಒಂದಾದ ವರ್ಷದ ದೀಪಾವಳಿ. ಬೆಟಗೇರಿ ಓಣಿಯೆಲ್ಲ ಪಟಾಕಿ ಹಾರಿಸುತ್ತಿದ್ದರೆ, ನಾನು ನೇಕಾರ ತಿರಕಪ್ಪನ ಬಚ್ಚಲ ಮುಂದೆ ನಿಂತು ಹಣೆ ಚಚ್ಚಿಕೊಳ್ಳುತ್ತಿದ್ದೆ. ನಾನು ರೋಶನಬಿ, ಇದೇ ಓಣಿಯ ನರ್ಸಬಾಯಿ.

ತಿರಕಪ್ಪನ ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ದುಗ್ಧರಸ ಗ್ರಂಥಿಯ ಕ್ಯಾನ್ಸರ್. ಮುಂಬೈಯಲ್ಲಿ ಕಿರಣದ ಚಿಕಿತ್ಸೆ ನಡೆದಿತ್ತು. ಇಪ್ಪತ್ತು ಸಲ ಕೊಡಬೇಕು, ಹತ್ತು ಸಲ ಆಗಿತ್ತು. ಹಬ್ಬಕ್ಕೆಂದು ನಾಲ್ಕು ದಿನ ಬಿಟ್ಟಿದ್ದರು. ಕಿರಣ ಎಲ್ಲಿ ಬೀಳಬೇಕೋ ಅಲ್ಲಿ ಡಾಕ್ಟರು ನೇರಳೆ ಶಾಯಿಯಿಂದ ಗೆರೆ ಎಳೆದಿದ್ದರು. ತೊಳೆಯಬೇಡಿ ಎಂದು ಎರಡೆರಡು ಸಲ ಹೇಳಿದ್ದರು.

ಆದರೆ ಹಬ್ಬದ ಎಣ್ಣೆನೀರು ಬಿಡುವುದುಂಟೆ! ಅವನ ತಾಯಿ ಕರಿಯವ್ವ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ಗೆರೆಗಳನ್ನೆಲ್ಲ ತಿಕ್ಕಿ ತೆಗೆದಿದ್ದಳು. ಮೊದಲೇ ಕೆಂಪಾಗಿದ್ದ ಚರ್ಮ ಸುಲಿದಿತ್ತು. ಅದರ ಮೇಲೆ ಅರಿಷಿಣ ಬೇರೆ!

"ದೊಡ್ಡವ್ವಾ, ಏನ್ ಮಾಡಿಟ್ಟಿ ನೀ?"

"ಮಸಿ ಇಟಗೊಂಡ ಮಗಗ ಆರತಿ ಮಾಡಲೇನು? ನೋಡಿಲ್ಲೆ, ಕಿರಣ ಕುತಗಿ ಸುಟ್ಟಾವ. ಗಂಟೂ ಇಳದೈತಿ. ಇನ್ನ ಅಂವನ್ನ ಕಳಸೂದುಲ್ಲ."

"ಇಳದೈತಿ, ಹೋಗಿಲ್ಲ! ಅರ್ಧಾ ನೇಯ್ದ ಸೀರಿ ಮಗ್ಗದಿಂದ ಕೊಯ್ದು ಪ್ಯಾಟಿಗೆ ಒಯ್ತೀರೇನು? ಈಗ ಬಿಟ್ರ ಗಂಟು ಮತ್ತ ಏಳತೈತಿ. ಆಮ್ಯಾಲೆ ಯಾರ ಮುಂದ ಅಳ್ತಿ?"

ಕರಿಯವ್ವನ ಕೈಯಲ್ಲಿದ್ದ ತಂಬಿಗೆ ಕೆಳಗಿಳಿಯಿತು. "ಭಾಳ ನೋವಾಗತೈತೇನೋ?" ಎಂದು ಮಗನನ್ನು ಕೇಳಿದಳು. ಇಷ್ಟು ದಿನ ಕೇಳಿರಲೇ ಇಲ್ಲ!

"ಇಲ್ಲವ್ವಾ. ಅಲಗಾಡದ ಮಲಗೂದು, ಅಷ್ಟ. ಮಿಷನ್ ಗುಂಯ್ ಅಂತೈತಿ. ಹತ್ತು ಮಿನಿಟಿನಾಗ ಆತು. ಆಮ್ಯಾಲೆ ಸುಸ್ತಾಗತೈತಿ. ಗಂಟಲ ಉರದು ರೊಟ್ಟಿ ಇಳಿಯೂದುಲ್ಲ."

"ಹಂಗಾರ ಖಾರ ಬಿಟ್ಟು ಮೆತ್ತಗ ಗಂಜಿ ಕೊಡ್ರಿ. ಕುತಗಿಗೆ ಎಣ್ಣಿ, ಅರಿಷಿಣ ಬ್ಯಾಡ. ಬಿಗಿ ಕಾಲರಿನ ಅಂಗಿ ಬ್ಯಾಡ. ಜ್ವರ ಬಂದ್ರ, ನುಂಗಾಕ ಆಗದಿದ್ರ ಡಾಕ್ಟರಿಗೆ ಜಲ್ದಿ ಹೇಳ್ರಿ," ಎಂದೆ.

ತಿರಕಪ್ಪನ ಹೆಂಡತಿ ಮಂಜವ್ವ ಕೂಸನ್ನು ಅವುಚಿಕೊಂಡು ದೂರ ನಿಂತಿದ್ದಳು.

"ಕೂಸಿಗೆ ಕಿರಣ ತಾಗತಾವಂತಲ್ಲಕ್ಕಾ?"

"ಯಾರ ಹೇಳಿದ್ರ ನಿನಗ! ಮಿಷನ್ ಬಂದಾತಂದ್ರ ಕಿರಣಾನೂ ಬಂದಾತು. ಅಂವನ ಮೈಯಾಗ ಉಳಿಯೂದುಲ್ಲ. ಕೊಡ, ಎತಗೊಳ್ಳಲಿ."

ಎರಡು ದಿನದಿಂದ ದೂರವೇ ಇದ್ದ ಮಗಳನ್ನು ಎತ್ತಿಕೊಂಡು ತಿರಕಪ್ಪ ಗೋಡೆಗೆ ಮುಖ ಮಾಡಿ ನಿಂತ. ಅಲ್ಲಿಯವರೆಗೆ ಬೈಯುತ್ತಿದ್ದ ನಾನು ಕರಿಯವ್ವನ ತಂಬಿಗೆ ಎತ್ತಿ ಬಚ್ಚಲಲ್ಲಿಟ್ಟೆ.

ಮರುದಿನ ತಾಯಿ-ಮಗನನ್ನು ಗದಗ ಸ್ಟೇಶನ್ನಿನಲ್ಲಿ ರೈಲು ಹತ್ತಿಸಿದೆ. ಚರ್ಮ ಮಾಯುವವರೆಗೆ ಡಾಕ್ಟರು ಕಾಯಬೇಕಾಯಿತು. ಆಮೇಲೆ ಹೊಸ ಗೆರೆ ಎಳೆದು, ಉಳಿದ ಹತ್ತು ಸಲವನ್ನೂ ಮುಗಿಸಿದರು. ಕರಿಯವ್ವನಿಗೆ ಅಲ್ಲಿಯೂ ಚೆನ್ನಾಗಿ ಬೈಗುಳ ಬಿತ್ತಂತೆ. ಕೇಳಿ ನನಗೆ ಸಮಾಧಾನವಾಯಿತು.

ಮುಂದಿನ ದೀಪಾವಳಿಯವರೆಗೂ ಗಂಟು ಮತ್ತೆ ಕಾಣಿಸಲಿಲ್ಲ. ತಿರಕಪ್ಪ ಹೇಳಿದ ದಿನಕ್ಕೆ ತಪ್ಪದೆ ತಪಾಸಣೆಗೆ ಹೋಗಿ ಬರುತ್ತಿದ್ದ. ಹಬ್ಬದ ನಸುಕಿನಲ್ಲಿ ಯಾರೋ ನನ್ನ ಬಾಗಿಲು ಬಡಿದರು. ನೋಡಿದರೆ ಕರಿಯವ್ವ, ಕೈಯಲ್ಲಿ ಎಣ್ಣೆಯ ಬಟ್ಟಲು.

"ರೋಶನಬಿ, ಈಗರೆ ಹಚ್ಚಲೇನವಾ?"

ಓದುವ ಅಕ್ಕ-ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕಿರಣದ ಚಿಕಿತ್ಸೆ ನಡೆದಿದ್ದರೆ ಗೆರೆ ಅಳಿಸಬೇಡಿ, ಅರ್ಧಕ್ಕೆ ಬಿಡಬೇಡಿ, ಮನೆಯವರನ್ನು ದೂರ ಕೂರಿಸಬೇಡಿ. ಏನು ಹಚ್ಚುವುದಿದ್ದರೂ ಮೊದಲು ಕೇಳಿ. ಬೇಕಾದರೆ ನಸುಕಿನಲ್ಲೇ ಬಂದು ಬಾಗಿಲು ಬಡಿಯಿರಿ, ನಾನು ಬೈಯುವುದಿಲ್ಲ.