ಉಪ್ಪಿನಯ್ಯನ ಬಾಯಿಗೆ ಬೆಣ್ಣೆ

ಬೆಳಗೋಡಿನ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮೇಡಂ. ಗುಜರಾತಿನಿಂದ ಕೇರಳದವರೆಗಿನ ಪಶ್ಚಿಮ ಕರಾವಳಿಯ ರಾಜ್ಯಗಳನ್ನೂ, ಅವುಗಳ ಆಚೆ ಕಡಲಿನಲ್ಲಿ ಸಾಸಿವೆ ಚೆಲ್ಲಿದಂತಿರುವ ದ್ವೀಪಗಳನ್ನೂ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ, ಅಳಿಸುತ್ತೇನೆ. ಲಕ್ಷದ್ವೀಪದಲ್ಲಿ ಬೆಟ್ಟವಿಲ್ಲ, ನದಿಯಿಲ್ಲ, ಅದು ಹವಳದ ಹುಳುಗಳು ಕಟ್ಟಿದ ನೆಲ ಎನ್ನುತ್ತೇನೆ. ಮಕ್ಕಳು ಆಕಳಿಸುತ್ತಾರೆ. ನನಗೂ ಆಕಳಿಕೆ ಬರುತ್ತದೆ, ಮೇಡಂ ಆದದ್ದರಿಂದ ತಡೆದುಕೊಳ್ಳುತ್ತೇನೆ. ಹವಳದ ಕಲ್ಲನ್ನು ಮುಟ್ಟಿದ್ದೀಯಾ ಎಂದು ಯಾರಾದರೂ ಕೇಳಿದ್ದರೆ, ಸಕಲೇಶಪುರದ ಘಟ್ಟದ ಮೇಲೆ ಕೂತವಳಿಗೆ ಅದೆಲ್ಲಿಂದ ಸಿಗಬೇಕು ಎಂದು ಅವರ ಮೇಲೇ ರೇಗುತ್ತಿದ್ದೆ.

ಆ ಶನಿವಾರ ವಿಜ್ಞಾನದ ಮೇಷ್ಟ್ರು ರಾಜೇಶ್ ಲ್ಯಾಬಿನ ಹಳೆಯ ಕಪಾಟು ಖಾಲಿ ಮಾಡುತ್ತಿದ್ದರು. "ಮೇಡಂ, ನಿಮ್ ದ್ವೀಪದ ಪಾಠಕ್ಕೆ ಇದು ಆಗುತ್ತೆ ನೋಡಿ, ಹವಳದ ಕಲ್ಲು," ಎಂದು ಧೂಳು ಒರೆಸಿ ನನ್ನ ಕೈಗೆ ಒಂದು ಬಿಳಿಯ ತುಂಡು ಕೊಟ್ಟರು.

ತಿರುಗಿಸಿ ನೋಡಿದೆ. ಮೈತುಂಬ ಸಣ್ಣ ಸಣ್ಣ ತೂತು. ಪ್ರತಿ ತೂತಿನೊಳಗೂ ಗೆರೆಗಳು ಸೇರಿ ಪುಟ್ಟ ನಕ್ಷತ್ರ. ಈ ನಕ್ಷತ್ರಗಳನ್ನು ನಾನು ಮದುವೆಯಾಗಿ ಬಂದ ದಿನದಿಂದ ನೋಡುತ್ತಿದ್ದೇನೆ. ಇವುಗಳಿಗೆ ವಿಭೂತಿ ಹಚ್ಚಿದ್ದೇನೆ, ಹೂವಿಟ್ಟು ಕೈಮುಗಿದಿದ್ದೇನೆ. ಮಗ್ಗೆ ಊರಿನ ನಮ್ಮ ಮನೆಯ ದೇವರಕೋಣೆಯಲ್ಲಿ ತೆಂಗಿನಕಾಯಿ ಗಾತ್ರದಲ್ಲಿ ಕೂತಿರುವ ಉಪ್ಪಿನಯ್ಯ ಎಂದರೆ ಇಂಥದೇ ಕಲ್ಲು.

ನನ್ನ ಮಾವ ಚನ್ನಬಸವಯ್ಯನವರ ಹಿರಿಯರು ವ್ಯಾಪಾರಸ್ಥರು. ಹೇರೆತ್ತುಗಳ ಮೇಲೆ ಅಕ್ಕಿ, ಏಲಕ್ಕಿ ಹೇರಿಕೊಂಡು ಘಟ್ಟ ಇಳಿದು, ಮಂಗಳೂರಿನಿಂದ ಉಪ್ಪು ತರುತ್ತಿದ್ದರು. ಒಮ್ಮೆ ಘಟ್ಟ ಹತ್ತುವಾಗ ಉಪ್ಪಿನ ಮೂಟೆಯೊಳಗೆ ಅಯ್ಯ ತಾನಾಗಿ ಉದ್ಭವಿಸಿದನಂತೆ. ಅವನ ನೆತ್ತಿಯಲ್ಲಿ ಒಂದು ಗುಳಿ ಇದೆ, ಅದಕ್ಕೆ ಬಾಯಿ ಎನ್ನುತ್ತಾರೆ. ಮನೆಯಲ್ಲಿ ಮದುವೆ ನಿಶ್ಚಯಿಸುವ ಮೊದಲು ಆ ಬಾಯಿಗೆ ನಿಂಬೆಹಣ್ಣು ಹಿಂಡಿ ಅಪ್ಪಣೆ ಕೇಳಬೇಕು. ಬುಸುಬುಸು ನೊರೆ ಬಂದರೆ ಅಯ್ಯ ನಕ್ಕ, ಮದುವೆ ಸೈ. ನೊರೆ ಬಾರದಿದ್ದರೆ ಇಲ್ಲ. ಮುಂದೆ ಮಾತೇ ಇಲ್ಲ. ನಾನು ಈ ಮನೆಗೆ ಬಂದದ್ದೂ ಅವನು ನಕ್ಕಿದ್ದಕ್ಕೇ.

"ಸಾರ್, ಇದರ ಮೇಲೆ ನಿಂಬೆಹಣ್ಣು ಹಿಂಡಿದ್ರೆ ಏನಾಗುತ್ತೆ?" ನನ್ನ ದನಿ ನನಗೇ ಬೇರೆಯವರದೆನಿಸಿತು.

"ನೊರೆ ಬರುತ್ತೆ. ಇದು ಸುಣ್ಣ ತಾನೇ, ಹುಳಿ ಬಿದ್ರೆ ಉಕ್ಕುತ್ತೆ," ಎಂದು ಅವರು ತಮ್ಮ ಊಟದ ಡಬ್ಬಿಯಲ್ಲಿದ್ದ ನಿಂಬೆಹೋಳನ್ನೇ ಹಿಂಡಿ ತೋರಿಸಿದರು. ಬುಸುಬುಸು. ಥೇಟ್ ನಮ್ಮ ಅಯ್ಯನ ನಗು. ಲ್ಯಾಬಿನ ಸ್ಟೂಲು ಎಳೆದುಕೊಂಡು ಕೂತೆ.

"ಉಕ್ಕದೇ ಇರೋದೂ ಉಂಟಾ ಸಾರ್?"

"ಎಣ್ಣೆನೋ ತುಪ್ಪನೋ ಮೆತ್ಕೊಂಡಿದ್ರೆ ಉಕ್ಕಲ್ಲ. ಜಿಡ್ಡು ದಾಟಿ ಹುಳಿ ಒಳಗಿಳಿಯಲ್ಲ. ಯಾಕ್ ಮೇಡಂ, ಮೈ ಹುಷಾರಿಲ್ವಾ?"

ಹುಷಾರು ಎಲ್ಲಿಂದ ಬರಬೇಕು? ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಲಕ್ಷದ್ವೀಪದ ಉತ್ತರದ ದ್ವೀಪಗಳು ಒಂದು ಕಾಲದಲ್ಲಿ ಮಂಗಳೂರಿನ ಆಡಳಿತಕ್ಕೇ ಸೇರಿದ್ದವು. ಅಲ್ಲಿಯ ಜನ ತೆಂಗಿನ ನಾರು ತುಂಬಿಕೊಂಡು ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದರು. ಇದನ್ನು ಪಾಠ ಮಾಡುವವಳೇ ನಾನು. ಅಂಥ ಯಾವುದೋ ದೋಣಿಯಿಂದ ಬಂದ ಕಲ್ಲು ಬಂದರಿನಲ್ಲಿ ಉಪ್ಪಿನ ಮೂಟೆ ಸೇರಿರಬೇಕು. ಹಾಗಾದರೆ ನಮ್ಮ ಬೆಟ್ಟದ ದೇವರು ಕಡಲಿನವನು!

ಇದನ್ನು ಮಾವನಿಗೆ ಹೇಳುವುದುಂಟೇ? ನನ್ನ ಮಗಳು ಚೈತ್ರಶ್ರೀ ಪಣಜಿಯ ಬ್ಯಾಂಕಿನಲ್ಲಿದ್ದಾಳೆ. ಅಲ್ಲೇ ಜೊತೆಗೆ ಕೆಲಸ ಮಾಡುವ ಕಾರವಾರದ ಅಭಿಲಾಷನನ್ನು ಮದುವೆಯಾಗುತ್ತೇನೆ ಅಂದಿದ್ದಾಳೆ. ನನ್ನ ಗಂಡ ಮೃತ್ಯುಂಜಯ ಒಪ್ಪಿದ್ದರು. ಮಾವ ಮಾತ್ರ "ಬೆಟ್ಟದೋರಿಗೆ ಕಡಲಿನೋರ ಸಂಬಂಧ ಯಾತಕ್ಕೆ? ಸೋಮವಾರ ಅಯ್ಯನ್ನ ಕೇಳನ. ಅವ್ನು ನಕ್ರೆ ನಂದೇನೂ ತಕರಾರಿಲ್ಲ" ಎಂದಿದ್ದರು. ಅಯ್ಯ ನಗುವುದಿಲ್ಲ ಎಂಬ ಭರವಸೆ ಅವರ ಮುಖದಲ್ಲೇ ಇತ್ತು.

ನನ್ನನ್ನು ಕೊರೆಯುತ್ತಿದ್ದದ್ದು ಇನ್ನೊಂದು. ಅಯ್ಯ ನಗದೇ ಇದ್ದದ್ದು ಒಂದೇ ಒಂದು ಸಲ. ಅದು ನನ್ನ ಗಂಡನ ಅಕ್ಕ ಪುಷ್ಪಕ್ಕನ ಪಾಲಿಗೆ. ಆಲೂರಿನ ನಂಜುಂಡ ಎಂಬವರು ಇಷ್ಟಪಟ್ಟು ಕೇಳಿಕೊಂಡು ಬಂದಿದ್ದರಂತೆ. ಪುಷ್ಪಕ್ಕನಿಗೂ ಮನಸ್ಸಿತ್ತು. ಅಯ್ಯ ಸುಮ್ಮನಿದ್ದ. ಆಮೇಲೆ ಬಂದ ಯಾವ ಗಂಡನ್ನೂ ಪುಷ್ಪಕ್ಕ ಒಪ್ಪಲಿಲ್ಲ, ಅಯ್ಯನ ಸೇವೆ ಮಾಡಿಕೊಂಡೇ ಕೂದಲು ಹಣ್ಣಾಯಿತು. ಆ ಸಲ ಕಲ್ಲಿಗೆ ಜಿಡ್ಡು ಹಚ್ಚಿದ್ದು ಯಾರು? ನಂಜುಂಡನ ಮನೆತನವೆಂದರೆ ಮಾವನಿಗೆ ಆಗುತ್ತಿರಲಿಲ್ಲ. ಇದು ಮುದುಕರದೇ ಕಿತಾಪತಿ ಎಂದು ನಾನು ತೀರ್ಮಾನಿಸಿಬಿಟ್ಟೆ. ಸೋಮವಾರ ಕೈಗೆ ಸಿಕ್ಕಿಬೀಳಲಿ, ಮಾವನೆಂದು ಮುಖ ನೋಡುವುದಿಲ್ಲ ಅಂದುಕೊಂಡೆ.

ಚೈತ್ರ ಭಾನುವಾರ ರಾತ್ರಿಯೇ ಪಣಜಿಯಿಂದ ಬಂದಿದ್ದಳು. ಸೋಮವಾರ ಬೆಳಕು ಹರಿಯುತ್ತಲೇ ದೇವರಕೋಣೆಯ ಬಾಗಿಲಿಗೆ ಬಂದೆ. ಒಳಗೆ ಪುಷ್ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ಎಡಗೈಯಲ್ಲಿ ಬೆಣ್ಣೆಯ ಬಟ್ಟಲು. ಬಲಗೈ ಬೆರಳಿನಿಂದ ಮಗುವಿಗೆ ತಿನ್ನಿಸುವ ಹಾಗೆ ಅಯ್ಯನ ಬಾಯಿಗೆ ಬೆಣ್ಣೆ ಇಡುತ್ತಿದ್ದರು.

"ಏನ್ ಮಾಡ್ತಿದ್ದೀರಿ ಪುಷ್ಪಕ್ಕ?"

"ನಮ್ ಮಗಿನ ಅಪ್ಪಣೆ ಕೇಳೋ ದಿನ ಅಲ್ವೇನೆ ಇವತ್ತು. ಹೊಟ್ಟೆ ತಂಪಾಗಿದ್ರೆ ನಗ್ತಾನೆ ಅಂತ."

"ಯಾವಾಗ್ಲೂ ಹೀಗೆ ಇಡ್ತೀರಾ?"

"ಯಾವಾಗ್ಲೂ ಎಲ್ಲಿ? ನನ್ನ ದಿನ ಇಟ್ಟಿದ್ದೆ, ಯಾರಿಗೂ ಹೇಳ್ದೇನೆ. ಒಂದೇ ಹಸ ಕರೀತಿತ್ತು ಆಗ, ಬೆಣ್ಣೆ ಸಾಲ್ದೇ ಹೋಯ್ತೇನೋ, ಮುನಿಸ್ಕಂಡ. ಅದ್ಕೇ ಈ ಸಲ ಬಾಯಿ ತುಂಬ ಇಟ್ಟಿದ್ದೀನಿ ಕಣೆ." ಪುಷ್ಪಕ್ಕ ನನ್ನ ಕಡೆ ತಿರುಗಿ ನಕ್ಕರು.

ನನಗೆ ಕಿರುಚಬೇಕೆನಿಸಿತು. ಇಡೀ ಬಾಳನ್ನು ಒಂದು ಬೆರಳು ಬೆಣ್ಣೆ ನುಂಗಿತ್ತು, ಆ ಬೆರಳು ಇವರದೇ. ಅದೇ ಬೆರಳು ಈಗ ಅಷ್ಟೇ ಪ್ರೀತಿಯಿಂದ ನನ್ನ ಮಗಳ ಬಾಳಿನ ಮೇಲೂ ಬೆಣ್ಣೆ ಮೆತ್ತಿ ಕೂತಿತ್ತು.

"ಹಿತ್ತಲಲ್ಲಿ ದಾಸವಾಳ ಅರಳಿದೆ, ಒಂದಿಷ್ಟು ತರ್ತೀರಾ?" ಎಂದು ಹೇಗೋ ಅಂದೆ. ಅವರು ಅತ್ತ ಹೋದದ್ದೇ ಬಚ್ಚಲಿನ ಬಿಸಿನೀರು, ಸೀಗೆಪುಡಿ ತಂದು ಅಯ್ಯನ ಬಾಯಿಯನ್ನು ಉಜ್ಜಿದೆ. ದೇವರನ್ನು ಹಾಗೆ ಗಸಗಸ ಉಜ್ಜಿದವಳು ಈ ಮನೆಯಲ್ಲಿ ಇನ್ನೊಬ್ಬಳಿರಲಾರಳು. ಭಯವೇನೂ ಆಗಲಿಲ್ಲ, ಸಿಟ್ಟು ಅಷ್ಟಿತ್ತು. ಯಾರ ಮೇಲೆ ಎಂಬುದೇ ತಿಳಿಯಲಿಲ್ಲ.

ಮಾವ ಮಿಂದು ಬಂದು ಒಂದು ಚೊಂಬು ನೀರು ಹೊಯ್ದು, ನಿಂಬೆಹೋಳು ಹಿಂಡಿದರು. ನೊರೆ ಬಾಯಿ ತುಂಬಿ ಅಂಚಿನಿಂದ ಇಳಿಯಿತು.

"ಕಡಲಿನೋರಿಗೂ ನಕ್ಬುಟ್ನಲ್ಲಪ್ಪ!" ಮಾವ ನಂಬಲಾರದೆ ಬಗ್ಗಿ ಬಗ್ಗಿ ನೋಡಿದರು. ಚೈತ್ರ ಓಡಿಬಂದು ಸೋದರತ್ತೆಯನ್ನು ತಬ್ಬಿಕೊಂಡಳು. "ಆಯ್ತು, ಕಾರವಾರಕ್ಕೆ ಫೋನ್ ಮಾಡ್ರಿ," ಎಂದು ಮಾವ ಜಗಲಿಯ ಕುರ್ಚಿಗೆ ಹೋಗಿ ಕೂತರು.

ಎಲ್ಲರೂ ಹೊರಗೆ ಹೋದ ಮೇಲೂ ಪುಷ್ಪಕ್ಕ ಕಲ್ಲನ್ನೇ ನೋಡುತ್ತ ನಿಂತಿದ್ದರು. ಬೆರಳಿಟ್ಟು ಬಾಯಿಯ ಒಳಗೆ ಸವರಿದರು. ಮೂಗಿಗೆ ಹಿಡಿದರು.

"ಬೆಣ್ಣೆ ಏನಾಯ್ತು? ಸೀಗೆಕಾಯಿ ವಾಸನೆ ಬತ್ತೈತೆ."

ಅವರ ಮುಖ ನೋಡಿಕೊಂಡು ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿದೆ. ದ್ವೀಪ, ಹವಳ, ದೋಣಿ, ಸುಣ್ಣ, ಹುಳಿ. ಕೊನೆಗೆ ಜಿಡ್ಡು. ಅಳುತ್ತಾರೆಂದು ಹತ್ತಿರ ಹೋದೆ. ಅಳಲಿಲ್ಲ. ಅಡುಗೆಮನೆಗೆ ಹೋಗಿ ಬೆಣ್ಣೆಯ ಬಟ್ಟಲನ್ನೂ ಒಂದು ನಿಂಬೆಹೋಳನ್ನೂ ತಂದು ಮಡಿಲಲ್ಲಿಟ್ಟುಕೊಂಡರು. ಆಮೇಲೆ, ಕದಲಿಸಬಾರದು ಎಂದು ತಲೆತಲಾಂತರದಿಂದ ಯಾರೂ ಕದಲಿಸದ ಉಪ್ಪಿನಯ್ಯನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜಗಲಿಗೆ ನಡೆದರು.

"ಪುಷ್ಪಾ! ಏನೇ ಇದು ಅನಾಚಾರ!" ಮಾವ ಕುರ್ಚಿಯಿಂದ ಅರ್ಧ ಎದ್ದರು. ನನ್ನ ಗಂಡ ಫೋನು ಹಿಡಿದುಕೊಂಡೇ ಓಡಿಬಂದರು.

ಪುಷ್ಪಕ್ಕ ಕಲ್ಲನ್ನು ಅಪ್ಪನ ಕಾಲ ಬಳಿ ಇಟ್ಟು, ಜಗಲಿಯ ಚೊಂಬಿನ ನೀರಿನಲ್ಲಿ ತೊಳೆದು, ಎಲ್ಲರ ಕಣ್ಣೆದುರೇ ಅದರ ಬಾಯಿಗೆ ಬೆಣ್ಣೆ ತುಂಬಿದರು. "ಹಿಂಡಿ ಅಪ್ಪಯ್ಯ," ಎಂದು ನಿಂಬೆಹೋಳು ಕೊಟ್ಟರು.

ಮಗಳ ದನಿಯಲ್ಲಿ ಏನಿತ್ತೋ, ಮಾವ ಹಿಂಡಿದರು. ಕೆಸುವಿನ ಎಲೆಯ ಮೇಲಿನ ನೀರಿನಂತೆ ರಸ ಜಾರಿ ನೆಲಕ್ಕೆ ಬಿತ್ತು. ಒಂದು ಗುಳ್ಳೆಯೂ ಏಳಲಿಲ್ಲ. ಮತ್ತೆ ಹಿಂಡಿದರು. ಇಲ್ಲ.

"ಈಗ ತಾನೇ ನಕ್ಕಿದ್ನಲ್ಲ..." ಮಾವ ಕೈಯಲ್ಲಿದ್ದ ಹೋಳನ್ನೇ ತಿರುಗಿಸಿ ನೋಡಿದರು.

"ನನ್ನ ದಿನಾನೂ ಹಿಂಗೇ ಬೆಣ್ಣೆ ಇಟ್ಟಿದ್ದೆ ಅಪ್ಪಯ್ಯ, ನಗ್ಲಿ ಅಂತ. ನಂಜುಂಡನ ಮನೆಯೋರಿಗೆ ಏನಂತ ಹೇಳಿ ಕಳಿಸಿದ್ರಿ?"

"ಅಯ್ಯ ಒಪ್ಲಿಲ್ಲ ಅಂತ..." ಹೇಳುತ್ತ ಹೇಳುತ್ತಲೇ ಮಾವನಿಗೆ ಅರ್ಥವಾಗತೊಡಗಿತು. ಕಣ್ಣು ಕಲ್ಲಿನಿಂದ ಬಟ್ಟಲಿಗೆ, ಬಟ್ಟಲಿನಿಂದ ಮಗಳ ಬೆರಳಿಗೆ ಹೋಯಿತು. "ನಂಗೆ ಗೊತ್ತಿರ್ಲಿಲ್ಲ ಕಣವ್ವ. ಅಯ್ಯನ ಆಣೆ, ಗೊತ್ತಿರ್ಲಿಲ್ಲ."

"ನಿಮಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ." ಪುಷ್ಪಕ್ಕ ಬೆರಳಿನ ಬೆಣ್ಣೆಯನ್ನು ಸೆರಗಿಗೆ ಒರೆಸಿಕೊಂಡರು. "ಆವತ್ತು ನಾನು ಅಲ್ಲೇ ಬಾಗಿಲ ಹಿಂದೆ ನಿಂತಿದ್ದೆ ಅಪ್ಪಯ್ಯ. ನಂಗೆ ಬಾಯಿತ್ತು. ನೀವು ಕಲ್ಲನ್ನ ಕೇಳಿದ್ರಿ."