ಕೂಲರಿನ ಹಳೇ ನೀರು

ಆ ಬರದ ವರ್ಷ ಚಿದ್ರಿಯಲ್ಲಿ ಟ್ಯಾಂಕರ್ ಬಂದ ದಿನವೇ ಹಬ್ಬ. ಕೂಲರ್ ರಿಪೇರಿಯ ಅಯ್ಯುಬ ಸುಭದ್ರಾಬಾಯಿಯ ಮನೆಗೆ ಹೋದಾಗ ಕೂಲರಿನ ಹುಲ್ಲು ಕೊಳೆತು ನಾರುತ್ತಿತ್ತು. ಅವನು ಹೊಸ ಹುಲ್ಲು ಕಟ್ಟಿ, ತಳದ ಹಳೇ ನೀರನ್ನು ಎರಡು ಬಕೆಟಿಗೆ ಬಸಿದ.

ಅಂಗಳದಲ್ಲಿ ಮುಸುರೆ ಪಾತ್ರೆ ತಿಕ್ಕುತ್ತಿದ್ದ ಮನೆಗೆಲಸದ ಶೇವಂತಾಬಾಯಿ ಎದ್ದು ಬಂದಳು. ಮಳೆ ಕೈಕೊಟ್ಟ ಮೇಲೆ ಮೆಹಕರದಿಂದ ಕೂಸನ್ನು ಕಟ್ಟಿಕೊಂಡು ಬಂದು, ಬಯಲಿನ ಜೋಪಡಿಯಲ್ಲಿ ಇದ್ದವಳು.

"ಚೆಲ್ಲೋ ನೀರು ನನಗ ಕೊಡ್ರಿ ಬಾಯಾರ. ಕೂಸಿನ ಅರಿವಿ ಒಗೀತೇನಿ."

ಸುಭದ್ರಾಬಾಯಿ ಒಳಗಿನಿಂದ ಫಿನೈಲ್ ಬಾಟಲಿ ತಂದು ಅಯ್ಯುಬನ ಕೈಗಿಟ್ಟಳು. "ಹಾಕು ಇದನ್ನ ಆ ನೀರಾಗ. ಇವತ್ತು ಹೊಲಸು ನೀರು ಕೇಳ್ತಾಳ, ನಾಳಿ ಟ್ಯಾಂಕರ್ ನೀರಿಗೆ ಕೊಡ ಹಿಡ್ಕೊಂಡು ನಿಂದರ್ತಾಳ."

"ಹೆಂಗೂ ಚೆಲ್ಲೋದೇ ಅಲ್ರಿ, ಒಯ್ಯಲಿ ಬಿಡ್ರಿ," ಎಂದ ಅಯ್ಯುಬ.

"ಚಿದ್ರಿಯಾಗ ಕೂಲರ್ ರಿಪೇರಿ ಮಾಡೋವ ನೀ ಒಬ್ಬನೇ ಏನು?"

ಓಣಿಯ ಅಷ್ಟೂ ಮನೆಗಳಿಗೆ ಅವನ ಹೆಸರು ಹೇಳಿದವಳು ಅವಳೇ. ಅಯ್ಯುಬ ಮುಚ್ಚಳ ತಿರುಗಿಸಿ ಎರಡೂ ಬಕೆಟಿಗೆ ಸುರಿದ. ನೀರು ಬೆಳ್ಳಗಾಯಿತು. ಶೇವಂತಾಬಾಯಿ ನೋಡುತ್ತಿದ್ದುದು ಮನೆಯೊಡತಿಯನ್ನಲ್ಲ, ಅವನನ್ನು.

"ನಿಂತಿ ಯಾಕ? ಅದರಿಂದ ಅಂಗಳ ತೊಳಿ," ಎಂದಳು ಸುಭದ್ರಾಬಾಯಿ.

ಶೇವಂತಾಬಾಯಿ ಸೆರಗು ಸಿಕ್ಕಿಸಿ ಕಸಬರಿಗೆ ಹಿಡಿದಳು. ಅಯ್ಯುಬ ಕೂಲರಿಗೆ ಟ್ಯಾಂಕರ್ ನೀರು ತುಂಬಿ ಬಟನ್ ಒತ್ತಿದ.

"ಬಿಸಲಾಗ ಬಂದಿ, ಸ್ವಲ್ಪ ಗಾಳಿಗೆ ಕೂಡು," ಎಂದು ಸುಭದ್ರಾಬಾಯಿ ಸ್ಟೂಲು ಸರಿಸಿದಳು. ಅವನು ಕೂತ. ಗಾಳಿ ತಂಪಾಗಿಯೇ ಇತ್ತು. ಬೆನ್ನ ಹಿಂದೆ ಅಂಗಳ ತಿಕ್ಕುವ ಸಪ್ಪಳ ನಿಲ್ಲುವ ತನಕ ಅವನು ತಿರುಗಿ ನೋಡಲಿಲ್ಲ.