ಮೂಲೆ ಕೋಣೆಯ ಹೆಜ್ಜೆ

ಆಟೋದವನು ತಮ್ಮ ಕಾಲು ನೋಡಿದ್ದು ಹೊಳೆಮ್ಮನಿಗೆ ಸೇರಲಿಲ್ಲ.

ಸಂಡೂರಿನ ಬಸ್ಸಿಳಿದು, ರೊಟ್ಟಿಯ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮಗಳು ಗಾಯತ್ರಿಯ ಹಿಂದೆ ಹೊಸಪೇಟೆ ನಿಲ್ದಾಣದ ಹೊರಗೆ ಬಂದು ನಿಂತಿದ್ದಳು. ಅಂಜಿನಯ್ಯ ಎಂಬ ಆ ಆಟೋದವನು ಮೊದಲು ಅವಳ ಸವೆದ ಹವಾಯಿ ಚಪ್ಪಲಿ ನೋಡಿದ, ಆಮೇಲೆ ಗಾಯತ್ರಿಯ ಫ್ಯಾಕ್ಟರಿ ಬೂಟು ನೋಡಿದ. ಹಂಪಿ ರಸ್ತೆಯ ದೊಡ್ಡ ಹೋಟೆಲಿಗೆ ಬಿಡಬೇಕೆಂದು ಗಾಯತ್ರಿ ಹೇಳಿದಳು. "ಹತ್ರಿ ಹತ್ರಿ" ಎಂದ. ಐದು ನಿಮಿಷದಲ್ಲಿ ತಂದು ನಿಲ್ಲಿಸಿದ್ದು ಮಾತ್ರ ಗಲ್ಲಿಯೊಳಗಿನ ಒಂದು ಲಾಡ್ಜಿನ ಮುಂದೆ.

"ಇದೇನಪ್ಪಾ ಇದು?" ಎಂದಳು ಹೊಳೆಮ್ಮ.

"ಇಳೀರಿ ಯವ್ವಾ. ನಿಮಗ ಇದ ಚಲೋ. ಬಿಸಿನೀರು ಬರತೈತಿ, ಬಾಜೂಕ ಖಾನಾವಳಿ ಐತಿ."

"ನಾವು ಹೇಳಿದ್ದು ದೊಡ್ಡ ಹೋಟೆಲು" ಎಂದಳು ಗಾಯತ್ರಿ.

ಅಂಜಿನಯ್ಯ ಆಟೋ ಆರಿಸಿ ಹಿಂದಕ್ಕೆ ತಿರುಗಿದ. ಕಂಪ್ಲಿಯವನಂತೆ, ಹದಿನೆಂಟು ವರ್ಷದಿಂದ ಇದೇ ಕೆಲಸವಂತೆ. "ಮಂದಿ ಕಾಲು ನೋಡಿದ್ರ ಸಾಕ್ರಿ, ಎಲ್ಲಿ ಬಿಡಬೇಕು ಗೊತ್ತಾಕ್ಕೈತಿ. ದಪ್ಪ ಬೂಟು, ಮೊಣಕಾಲ ತನಕ ಧೂಳು ಇತ್ತಂದ್ರ ಬಂಡೆ ಹತ್ತೋ ಮಂದಿ. ಅವ್ರಿಗೆ ಹೊಳಿ ದಂಡಿ ರೂಮು ಬೇಕು, ಟೀವಿ ಇಲ್ಲಂದ್ರೂ ನಡೀತೈತಿ. ಹೊಸ ಕಾಲುಂಗುರ, ಮದರಂಗಿ ಇತ್ತಂದ್ರ ಸೀದಾ ಆ ದೊಡ್ಡ ಹೋಟೆಲು. ಅವ್ರಿಗೆ ಈಜಾಡಾಕ ಹೊಂಡ ಇರಬೇಕು, ಮಂಚದ ಮ್ಯಾಲೆ ಹೂವು ಇರಬೇಕು. ಪಾಲಿಶ್ ಹೊಡೆದ ಬೂಟಿನ ಸಾಹೇಬ್ರಿಗೆ ಮೀಟಿಂಗ್ ಹಾಲ್ ಇದ್ದದ್ದು. ವಯಸ್ಸಾದೋರನ್ನ ಕರಕೊಂಡು ಬಂದ್ರ ಮೆಟ್ಟಿಲು ಇಲ್ದಿದ್ದು ನೋಡಬೇಕು."

"ನಾವು ಯಾವ ಥರ?" ಎಂದು ಕೇಳಿದಳು ಹೊಳೆಮ್ಮ.

"ನಮ್ಮ ಥರ" ಎಂದು ನಕ್ಕು, ಅಂಜಿನಯ್ಯ ತನ್ನ ಹವಾಯಿ ಚಪ್ಪಲಿ ಎತ್ತಿ ತೋರಿಸಿದ. "ಅಲ್ಲಿ ಹೋದ್ರ ಕಾವಲಿನವ ಹಿಂದಿನ ಗೇಟಿಗೆ ಹೋಗ್ರಿ ಅಂತಾನ. ಸುಮ್ನ ಮಾನ ಯಾಕ ಕಳಕೊಂತೀರಿ?"

"ಆ ಹಿಂದಿನ ಗೇಟು ಕಟ್ಟಾಕ ಗಾರೆ ಹೊತ್ತಾಕಿ ನಾನು" ಎಂದಳು ಹೊಳೆಮ್ಮ. "ಆಟೋ ತಿರುಗಿಸು."

ಅವನು ತಿರುಗಿಸಿದ. ಬೈದವನಾಗಿದ್ದರೆ ಹೊಳೆಮ್ಮ ತಿರುಗಿ ಬೈದು ಹಗುರಾಗುತ್ತಿದ್ದಳು. ಇವನು ತಮ್ಮ ಒಳ್ಳೆಯದಕ್ಕೇ ಹೇಳಿದ್ದ, ಅದು ಇನ್ನೂ ಹೆಚ್ಚು ಚುಚ್ಚುತ್ತಿತ್ತು.

ಇಪ್ಪತ್ಮೂರು ವರ್ಷದ ಹಿಂದೆ ಆ ಹೋಟೆಲಿನ ಕೆಲಸ ನಡೆದಾಗ ಹೊಳೆಮ್ಮ ಅಲ್ಲೇ ತಗಡಿನ ಶೆಡ್ಡಿನಲ್ಲಿ ಒಂದೂವರೆ ವರ್ಷ ಇದ್ದಳು. ಗಾಯತ್ರಿ ಆಗಷ್ಟೇ ನಡೆಯಲು ಕಲಿತಿದ್ದಳು. ಬೇವಿನ ಮರದ ಕಡೆಯ ಮೂಲೆ ಕೋಣೆಗೆ ಜಗಲಿ ಹಾಕಿದ ದಿನ, ರಾಯಣ್ಣ ಮೇಸ್ತ್ರಿ ಸಿಮೆಂಟು ನೆಲವನ್ನು ಕನ್ನಡಿಯ ಹಾಗೆ ತೀಡಿ ಬೀಡಿ ಹಚ್ಚುವಷ್ಟರಲ್ಲಿ ಕೂಸು ಅದರ ಮೇಲೆ ಎಡಗಾಲಿಟ್ಟಿತ್ತು. ಹೊಳೆಮ್ಮ ಓಡಿಬಂದು ಎತ್ತಿಕೊಂಡಳು. ರಾಯಣ್ಣ ತೀಡಿ ಅಳಿಸಲು ಕರಣೆ ಕೈಗೆತ್ತಿಕೊಂಡು ಬಂದು, ಹೆಜ್ಜೆ ನೋಡಿ, ಮತ್ತೆ ಕೆಳಗಿಟ್ಟ. "ಬಿಡಬೇ. ನಡಿಯಾಕ ಕಲಿತ ಕೂಸಿನ ಹೆಜ್ಜಿ, ಅದನ್ನ ಅಳಿಸಿದ ಕೈಲೆ ಮುಂದಿನ ಕೆಲಸ ಆಗಂಗಿಲ್ಲ." ಅವನ ಕಡೆಯವರಲ್ಲಿ ಹಾಗೊಂದು ನಡವಳಿಕೆ ಇತ್ತು. ಇಂಜಿನಿಯರ್ ಬಂದಾಗ ಕಾಣದಿರಲೆಂದು ರಾಯಣ್ಣನೇ ಅದರ ಮೇಲೆ ಬುಟ್ಟಿ ಬೋರಲು ಹಾಕಿದ್ದ. ಇಪ್ಪತ್ತೊಂದು ದಿನ ಆ ನೆಲಕ್ಕೆ ನೀರು ಉಣಿಸಿದವಳು ಹೊಳೆಮ್ಮ.

ಗಾಯತ್ರಿ ಈಗ ತೋರಣಗಲ್ಲಿನ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಕೆಲಸ ಕಾಯಂ ಆದ ದಿನ "ಏನು ಕೊಡಸಲಿ ಹೇಳಬೇ" ಎಂದು ಕೇಳಿದ್ದಕ್ಕೆ ಹೊಳೆಮ್ಮ ಸೀರೆ ಕೇಳಲಿಲ್ಲ. ಆ ಮೂಲೆ ಕೋಣೆಯಲ್ಲಿ ಒಂದು ರಾತ್ರಿ ಮಲಗಬೇಕು, ಬೆಳಿಗ್ಗೆ ಎದ್ದು ಆ ಹೆಜ್ಜೆ ನೋಡಬೇಕು ಎಂದಳು.

ಅಂಜಿನಯ್ಯ ಹೇಳಿದಂತೆಯೇ ಆಯಿತು. ಕಾವಲಿನವನು ಹಿಂದಿನ ಗೇಟಿನ ಕಡೆ ಕೈ ಮಾಡಿದ. ಗಾಯತ್ರಿ ಫೋನಿನಲ್ಲಿದ್ದ ಬುಕಿಂಗ್ ತೋರಿಸಿದ ಮೇಲೆ ಸರಿದು ನಿಂತ. ಅಂಜಿನಯ್ಯನೂ ಹೊರಡದೆ, ಆಟೋ ನೆರಳಿಗೆ ಹಾಕಿ, ಇವರ ಚೀಲ ಹಿಡಿದು ಹಿಂದೆಯೇ ಬಂದ.

ಒಳಗೆ ಮ್ಯಾನೇಜರ್ ಕಿರಣ್ ಕುಮಾರ್ ಎದ್ದು ನಿಂತು ಕೈಮುಗಿದ. ಮಾತು ಬೆಣ್ಣೆಯಂತಿತ್ತು.

"ನಿಮಗೆ ಎರಡನೇ ಮಹಡಿಯಲ್ಲಿ ಕೊಟ್ಟಿದ್ದೇವೆ ಮೇಡಂ, ಪಾರ್ಕಿಂಗ್ ಕಡೆ."

"ಕೆಳಗಿನ ಮೂಲೆ ಕೋಣೆ ಅಂತ ಬರೆದಿದ್ದೆ ಸರ್. ನೀವು ಹೂಂ ಅಂದಿದ್ರಿ."

ಕಿರಣ್ ಕುಮಾರನ ಕಣ್ಣು ಒಮ್ಮೆ ಕೆಳಗೆ ಹೋಗಿ ಹವಾಯಿ ಚಪ್ಪಲಿ ಮುಟ್ಟಿ ಬಂತು. ಹೊಳೆಮ್ಮ ಅದನ್ನು ಕಂಡಳು. ಬೆಳಗಿನಿಂದ ಇದು ಎರಡನೆಯ ಸಲ.

"ಅದು ಬೇರೆ ಥರದ ಗೆಸ್ಟಿಗೆ ಮೇಡಂ. ಹೊಸದಾಗಿ ಮದುವೆ ಆದವರಿಗೆ, ಮಕ್ಕಳು ಬೇಕು ಅಂತ ಬರುವವರಿಗೆ. ಅಲ್ಲೊಂದು ಪಾದ ಇದೆ."

"ಎಂಥಾ ಪಾದ?" ಎಂದಳು ಹೊಳೆಮ್ಮ.

ಉತ್ತರಕ್ಕೆ ಕಾಯಲಿಲ್ಲ. ದಾರಿ ಅವಳಿಗೆ ಗೊತ್ತಿತ್ತು. ಊಟದ ಹಾಲಿನ ಪಕ್ಕಕ್ಕೆ ತಿರುಗಿ, ತಲೆಯ ಮೇಲೆ ಗಾರೆಬುಟ್ಟಿ ಹೊತ್ತು ನಡೆದ ಓಣಿಯಲ್ಲೇ ನಡೆದಳು. ಬೇವಿನ ಮರ ದಪ್ಪವಾಗಿತ್ತು. ಜಗಲಿಯ ಮೇಲೆ ಹಿತ್ತಾಳೆಯ ಸರಪಳಿ, ಅದರೊಳಗೆ ಗುಲಾಬಿ ಎಸಳು, ಎಸಳಿನ ನಡುವೆ ಅಂಗೈ ಅಗಲದ ಹೆಜ್ಜೆ. ಪಕ್ಕದ ಮಣ್ಣಿನಲ್ಲಿ ನೆಟ್ಟ ಕಟ್ಟಿಗೆಯ ಬೋರ್ಡು.

"ಏನು ಬರದಾರ ಓದು" ಎಂದಳು.

ಗಾಯತ್ರಿ ಓದಿದಳು. "ವಿಜಯನಗರದ ರಾಜಕುಮಾರಿಯ ಪಾದ. ಐನೂರು ವರ್ಷ ಹಳೆಯದು. ಆರು ಬೆರಳು ದೈವಾಂಶದ ಗುರುತು. ಸಂತಾನ ಬಯಸುವವರು ಮುಟ್ಟಿ ನಮಸ್ಕರಿಸಬಹುದು." ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು.

ಹೊಳೆಮ್ಮ ಹಿಂದೆಯೇ ಬಂದ ಕಿರಣ್ ಕುಮಾರನ ಕಡೆ ತಿರುಗಿದಳು. "ಐನೂರು ವರ್ಷದ ಹಿಂದ ಸಿಮೆಂಟ್ ಯಾರು ಕಲಸಿದ್ರಪ್ಪಾ? ಈ ನೆಲಕ್ಕ ನೀರು ಹೊಡದಾಕಿ ನಾನು. ಇದು ನನ್ನ ಮಗಳ ಕಾಲು."

"ಅಮ್ಮಾ, ಮೆಲ್ಲಗೆ. ಒಳಗೆ ಗೆಸ್ಟ್ ಇದ್ದಾರೆ."

"ರಾಜನ ಮಗಳದಾದ್ರ ಹೂವು ಹಾಕ್ತೀರಿ. ಕೂಲಿಯಾಕಿ ಮಗಳು ಬಂದು ನಿಂತ್ರ ಪಾರ್ಕಿಂಗ್ ಕಡೆ ರೂಮು ಕೊಡ್ತೀರಿ?"

ಮೂಲೆ ಕೋಣೆಯ ಬಾಗಿಲು ತೆರೆಯಿತು. ಕಾಲಿಗೆ ಮದರಂಗಿ ಹಾಕಿಕೊಂಡ ಹುಡುಗಿಯೊಬ್ಬಳು ಹೊರಗೆ ಬಂದು, ಏನಾಯಿತೆಂದು ಕೇಳಿದಳು.

"ಏನಿಲ್ಲ ಮೇಡಂ, ಇವರಿಗೆ ಏನೋ ತಪ್ಪು ತಿಳಿವಳಿಕೆ" ಎಂದ ಕಿರಣ್ ಕುಮಾರ್.

ಗಾಯತ್ರಿ ಆ ಮಾತಿಗೆ ಜಗಲಿಯ ಅಂಚಿನಲ್ಲಿ ಕುಳಿತು ಎಡಗಾಲಿನ ಬೂಟಿನ ದಾರ ಬಿಚ್ಚತೊಡಗಿದಳು. ಶಾಲೆಯಲ್ಲಿ ಹುಡುಗರು ಆಡಿಕೊಂಡ ದಿನದಿಂದ ಮಗಳು ಯಾರೆದುರೂ ಬರಿಗಾಲು ತೋರಿಸಿದವಳಲ್ಲ. ನೋಡಲು ಬಂದ ಗಂಡಿನವರ ಮುಂದೆಯೂ ಸಾಕ್ಸ್ ತೆಗೆದಿರಲಿಲ್ಲ. ಈಗ ಬೂಟು ತೆಗೆದಳು, ಸಾಕ್ಸ್ ತೆಗೆದಳು, ಸರಪಳಿ ದಾಟಿ ಎಸಳುಗಳನ್ನು ಸರಿಸಿ ಹೆಜ್ಜೆಯ ಪಕ್ಕದಲ್ಲಿ ಕಾಲಿಟ್ಟಳು. ಕಿರುಬೆರಳಿನ ಆಚೆಗೆ, ಅದಕ್ಕೇ ಆತುಕೊಂಡು, ಇನ್ನೊಂದು ಪುಟ್ಟ ಬೆರಳು. ನೆಲದಲ್ಲಿ ಅದೇ ಜಾಗದಲ್ಲಿ ಅದೇ ಓರೆಯ ಗುಳಿ.

ಹುಡುಗಿ ಬಗ್ಗಿ ಎರಡನ್ನೂ ನೋಡಿದಳು. "ನಾನು ಬೆಳಿಗ್ಗೆ ಇದಕ್ಕೆ ನಮಸ್ಕಾರ ಮಾಡಿದೆ" ಎಂದಳು, ಕಿರಣ್ ಕುಮಾರನಿಗೆ.

ಅವನು ಹೊಳೆಮ್ಮನನ್ನು ಪಕ್ಕಕ್ಕೆ ಕರೆದ. "ಅಮ್ಮಾ, ಇದೆಲ್ಲ ನನಗಿಂತ ಮೊದಲು ಇದ್ದವರು ಬರೆಸಿದ್ದು. ನಿಮಗೆ ಎಲ್ಲಕ್ಕಿಂತ ದೊಡ್ಡ ಕೋಣೆ ಕೊಡ್ತೀನಿ. ರಾತ್ರಿ ಊಟ ಹೋಟೆಲ್ ಕಡೆಯಿಂದ. ಮಗಳಿಗೆ ಬೂಟು ಹಾಕ್ಕೊಳ್ಳೋಕೆ ಹೇಳಿ."

"ಯಾಕ ಹಾಕ್ಕೊಬೇಕು?" ಹೊಳೆಮ್ಮನ ದನಿ ಏರಿರಲಿಲ್ಲ. "ನಿಮ್ಮ ಬೋರ್ಡಿನ ಮ್ಯಾಲೆ ದೈವಾಂಶ, ನನ್ನ ಮಗಳ ಕಾಲಿಗಿದ್ರ ಮುಚ್ಚಿಡೋದು. ಹೌದಿಲ್ಲೋ?"

ಅವನು ಫೋನು ತೆಗೆದು ಯಾರಿಗೋ ಒತ್ತತೊಡಗಿದ. ಹೊಳೆಮ್ಮ ಬೋರ್ಡಿನ ಬಳಿ ಹೋಗಿ, ಎರಡೂ ಕೈಯಿಂದ ಅಲ್ಲಾಡಿಸಿ, ಗೂಟದ ಸಮೇತ ಮಣ್ಣಿನಿಂದ ಕಿತ್ತಳು. ಜಗಲಿಯ ಮೇಲೆ ಅದನ್ನು ಬೋರಲು ಹಾಕಿದಳು.

"ಮುಟ್ಟಬೇಡಿ ಅಮ್ಮಾ, ಅದು ಹೋಟೆಲಿಂದು."

"ಬರೆದದ್ದು ಅಳಿಸ್ರಿ, ಕೊಡ್ತೀನಿ. ಯಾರಿಗೆ ಫೋನ್ ಹಚ್ಚತೀಯೋ ಹಚ್ಚು, ಅವರು ಬರೋ ತನಕ ನಾವು ಇಲ್ಲೇ ಇರತೀವಿ."

ಅವಳು ಕುಳಿತಳು. ಅಂಜಿನಯ್ಯ ಚೀಲ ಕೆಳಗಿಟ್ಟ. ಅವನ ಕಣ್ಣು ಗಾಯತ್ರಿಯ ಕಾಲಿನ ಮೇಲಿತ್ತು.

"ಏನು ನೋಡ್ತೀಯೋ?" ಎಂದಳು ಹೊಳೆಮ್ಮ. "ಇಂಥಾ ಕಾಲಿಗೆ ಯಾವ ಹೋಟೆಲು ಹೇಳು ಈಗ."

"ಇದ ರೀ ಯವ್ವಾ" ಎಂದ ಅಂಜಿನಯ್ಯ. "ಇದ ಕೋಣಿ."

ಹೊಳೆಮ್ಮ ಬೋರಲು ಬಿದ್ದ ಬೋರ್ಡಿನ ಮೇಲೆ ರೊಟ್ಟಿಯ ಗಂಟು ಬಿಚ್ಚಿದಳು. ಶೇಂಗಾ ಚಟ್ನಿಯ ವಾಸನೆ ಗುಲಾಬಿಯ ವಾಸನೆಯನ್ನು ಮುಚ್ಚಿತು. ಗಾಯತ್ರಿ ಬೂಟಿನ ಕಡೆ ನೋಡಲಿಲ್ಲ. ಬರಿಗಾಲನ್ನು ಮುಂದಕ್ಕೆ ಚಾಚಿ ತಾಯಿಯ ಪಕ್ಕದಲ್ಲಿ ಕುಳಿತು ರೊಟ್ಟಿ ಮುರಿದಳು.